ನೋವಿಲ್ಲದೆ ಮೂತ್ರದಲ್ಲಿ ರಕ್ತ: ಮೂತ್ರಕೋಶದ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ

ಬೇಸಗೆಯಲ್ಲಿ ಮೂತ್ರ ಕೆಂಪಗೆ ಹೋಯಿತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಸಿಗುವ ಮೊದಲ ಉತ್ತರ, "ಉಷ್ಣ ಆಗಿದೆ". ಒಂದೆರಡು ಬೊಂಡ (ಎಳನೀರು), ಕೊತ್ತಂಬರಿ-ಜೀರಿಗೆಯ ಕಷಾಯ, ಬಾರ್ಲಿ ನೀರು. ಮರುದಿನ ಮೂತ್ರ ತಿಳಿಯಾಗುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ಸಲ ಅದು ನೀರು ಸಾಲದೆ ಮೂತ್ರ ಗಾಢವಾದದ್ದೇ ಆಗಿರುತ್ತದೆ. ಆದರೆ ಮೂತ್ರಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳುವ ರೀತಿಯೂ ಹೆಚ್ಚುಕಡಿಮೆ ಇದೇ. ನೋವಿಲ್ಲ, ಜ್ವರವಿಲ್ಲ, ಒಂದು ದಿನ ರಕ್ತ ಹೋಗುತ್ತದೆ, ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಏನೂ ಇರುವುದಿಲ್ಲ. ಮದ್ದು ತಾಗಿತು ಎಂದು ನೆಮ್ಮದಿಯಾಗಿದ್ದ ಆ ತಿಂಗಳುಗಳಲ್ಲಿ ಒಳಗಿನ ಗಡ್ಡೆ ಬೆಳೆಯುತ್ತಿರುತ್ತದೆ.

ಕಾಯಿಲೆ ಪತ್ತೆಯಾದ ಮೇಲೆ ಮನೆಯವರ ಕೈಗೆ ಬರುವ ಕಾಗದಗಳಲ್ಲಿ ಟಿಯುಆರ್‌ಬಿಟಿ, ಹೈ ಗ್ರೇಡ್, ಟಿ1, ಬಿಸಿಜಿ ಎಂಬ ಶಬ್ದಗಳಿರುತ್ತವೆ. ಡಾಕ್ಟರರು ಐದು ನಿಮಿಷ ವಿವರಿಸುತ್ತಾರೆ, ಗಾಬರಿಯಲ್ಲಿ ಅರ್ಧ ಕಿವಿಗೆ ಬೀಳುವುದಿಲ್ಲ. ಆ ಕಾಗದವನ್ನು ಕೈಯಲ್ಲಿ ಹಿಡಿದವರಿಗಾಗಿಯೂ, ಒಮ್ಮೆ ರಕ್ತ ಹೋಗಿ ನಿಂತಿದೆ ಎಂದು ಸುಮ್ಮನಿರುವವರಿಗಾಗಿಯೂ ಈ ಬರಹ.

ಮೂತ್ರಕೋಶ ಮತ್ತು ಅದರ ಗೋಡೆ

ಬೆನ್ನಿನ ಎರಡು ಬದಿಯಲ್ಲಿರುವ ಕಿಡ್ನಿಗಳು, ಅಂದರೆ ಮೂತ್ರಪಿಂಡಗಳು, ರಕ್ತವನ್ನು ಸೋಸಿ ಮೂತ್ರ ಮಾಡುತ್ತವೆ. ಅದು ಎರಡು ಸಪೂರ ನಾಳಗಳಲ್ಲಿ ಕೆಳಗಿಳಿದು ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶವನ್ನು ಸೇರುತ್ತದೆ. ದೊಡ್ಡವರ ಮೂತ್ರಕೋಶದಲ್ಲಿ ಸುಮಾರು 400-500 ಮಿಲಿಲೀಟರ್ ಹಿಡಿಯುತ್ತದೆ. ನಾವು ಶೌಚಾಲಯಕ್ಕೆ ಹೋಗುವವರೆಗೆ ಮೂತ್ರ ಅಲ್ಲೇ ಗಂಟೆಗಟ್ಟಲೆ ನಿಂತಿರುತ್ತದೆ. ಈ ಕಾಯಿಲೆ ಯಾಕೆ ಬರುತ್ತದೆ ಎಂಬುದಕ್ಕೂ ಆ ನಿಲ್ಲುವಿಕೆಗೂ ಸಂಬಂಧವಿದೆ.

ಮೂತ್ರಕೋಶದ ಗೋಡೆಯಲ್ಲಿ ಪದರಗಳಿವೆ. ಮೂತ್ರ ತಾಗುವ ಒಳಪದರ ತೆಳು. ಅದರ ಹಿಂದೆ ರಕ್ತನಾಳಗಳಿರುವ ಮೆದು ಪದರ. ಅದರ ಹಿಂದೆ ದಪ್ಪ ಸ್ನಾಯು. ಮೂತ್ರವನ್ನು ಒತ್ತಿ ಹೊರಗೆ ಹಾಕುವುದು ಇದೇ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮೂತ್ರಕೋಶದ ಕ್ಯಾನ್ಸರ್‌ಗಳು ಹುಟ್ಟುವುದು ಒಳಪದರದ ಕೋಶಗಳಲ್ಲಿ.

ನಮ್ಮ ಕೆಂಪುಕಲ್ಲಿನ ಗೋಡೆಯನ್ನು ನೆನೆಸಿಕೊಳ್ಳಿ. ಹೊರಗೆ ಸುಣ್ಣ, ಅದರ ಹಿಂದೆ ಗಾರೆ, ಒಳಗೆ ಕಲ್ಲು. ಮಳೆಗಾಲದಲ್ಲಿ ಸುಣ್ಣದ ಮೇಲೆ ಪಾಚಿ ಹಿಡಿದರೆ ಉಜ್ಜಿ ತೆಗೆಯಬಹುದು, ಮುಂದಿನ ಮಳೆಗೆ ಮತ್ತೆ ಬಂದರೆ ಮತ್ತೆ ಉಜ್ಜಬಹುದು. ಆದರೆ ಗೋಳಿ ಗಿಡದ ಬೇರು ಗಾರೆ ದಾಟಿ ಕಲ್ಲಿನ ಸಂದಿಗೆ ಇಳಿದರೆ ಮೇಲೆ ಕತ್ತರಿಸಿ ಪ್ರಯೋಜನವಿಲ್ಲ, ಆ ಭಾಗದ ಗೋಡೆಯನ್ನೇ ಬಿಚ್ಚಬೇಕಾಗುತ್ತದೆ. ಮೂತ್ರಕೋಶದ ಕ್ಯಾನ್ಸರಿನ ಚಿಕಿತ್ಸೆಯೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ: ಗಡ್ಡೆ ಸ್ನಾಯುವಿಗೆ ಇಳಿದಿದೆಯೇ, ಇಲ್ಲವೇ? ಪತ್ತೆಯಾಗುವಾಗ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಇನ್ನೂ ಸ್ನಾಯುವಿಗೆ ಇಳಿದಿರುವುದಿಲ್ಲ. ಇದು ಧೈರ್ಯ ತರುವ ಸಂಗತಿ.

ಯಾಕೆ ಬರುತ್ತದೆ?

ಬಹು ದೊಡ್ಡ ಕಾರಣ ತಂಬಾಕಿನ ಹೊಗೆ. ಸೇದುವವರಿಗೆ ಸೇದದವರಿಗಿಂತ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು, ಒಟ್ಟು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಕಾಯಿಲೆಗೆ ಅದೇ ಮೂಲ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಕ್ಯಾನ್ಸರ್ ಬರುವುದು ಮೂತ್ರಕೋಶಕ್ಕೆ, ಇದು ಹೇಗೆ ಎಂದು ಹಲವರು ಕೇಳುತ್ತಾರೆ. ಹೊಗೆಯಲ್ಲಿರುವ ವಿಷಗಳು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ. ಕಿಡ್ನಿ ತನ್ನ ಕೆಲಸ ಮಾಡಿ ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದ ಒಳಪದರವನ್ನು ತಾಗಿಕೊಂಡೇ ನಿಂತಿರುತ್ತದೆ. ದಿನವೂ, ವರ್ಷಾನುಗಟ್ಟಲೆ ಹೀಗಾದಾಗ ಕೋಶಗಳೊಳಗಿನ ವಂಶವಾಹಿಗಳು ಕೆಡುತ್ತವೆ.

ಬೀಡಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಊರೂರಲ್ಲಿದ್ದಾರೆ, ಆ ದುಡಿಮೆಯ ಬಗ್ಗೆ ಗೌರವವಿದೆ. ಆದರೆ ಎಲೆಯಲ್ಲಿ ಸುತ್ತಿದ ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ತಪ್ಪು. ಬೀಡಿ ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ. ಅದರಿಂದ ದೇಹ ಸೇರುವ ಟಾರ್ ಮತ್ತು ನಿಕೋಟಿನ್ ಸಿಗರೇಟಿಗೆ ಕಡಿಮೆ ಏನಿಲ್ಲ.

ಎರಡನೆಯ ಕಾರಣ ಕೆಲಸದ ಜಾಗದ ರಾಸಾಯನಿಕಗಳು. 1895ರಲ್ಲಿ ಜರ್ಮನಿಯ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯರು, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ಕಾಣುತ್ತಿದೆ ಎಂದು ಮೊದಲು ವರದಿ ಮಾಡಿದರು. ಬಟ್ಟೆಗೆ ಬಣ್ಣ ಹಾಕುವ, ರಬ್ಬರ್, ಚರ್ಮ, ಪೇಂಟ್ ಉದ್ಯಮಗಳಲ್ಲಿ ಬಳಸುವ, ಬಳಸುತ್ತಿದ್ದ ಕೆಲವು ರಾಸಾಯನಿಕಗಳು ಇದೇ ಜಾತಿಯವು. ತಂಬಾಕಿನ ಹೊಗೆಯಲ್ಲಿಯೂ ಅವು ಇವೆ. ದುಡಿಮೆ ಬಿಟ್ಟು 20-30 ವರ್ಷಗಳ ನಂತರವೂ ಕಾಯಿಲೆ ಕಾಣಿಸಿಕೊಳ್ಳಬಹುದು. ಹಾಗಾಗಿ ಮುಂಬಯಿಯ ಮಿಲ್ಲುಗಳಲ್ಲೋ ಗಲ್ಫ್‌ನಲ್ಲೋ ಪ್ರಾಯದಲ್ಲಿ ಇಂಥ ಕೆಲಸ ಮಾಡಿ ಊರಿಗೆ ಮರಳಿದವರು ಡಾಕ್ಟರರಿಗೆ ಅದನ್ನು ತಪ್ಪದೆ ಹೇಳಬೇಕು. ಆ ಹಳೆಯ ಕೆಲಸ ಅವರ ವೈದ್ಯಕೀಯ ಚರಿತ್ರೆಯ ಭಾಗ.

ಹಿಂದೆ ಕಿಬ್ಬೊಟ್ಟೆಗೆ ರೇಡಿಯೇಷನ್ ಪಡೆದವರು, ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ದೀರ್ಘಕಾಲ ತೆಗೆದುಕೊಂಡವರು, ವರ್ಷಗಟ್ಟಲೆ ಮೂತ್ರದ ಪೈಪ್ ಇಟ್ಟುಕೊಂಡವರು, ಆರ್ಸೆನಿಕ್ ಬೆರೆತ ನೀರು ಕುಡಿದವರು, ಇವರಿಗೂ ಅಪಾಯ ಹೆಚ್ಚು. ಕಾಯಿಲೆ ಬಹುತೇಕ 55 ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚಾಗಿ ಕಾಣುತ್ತದೆ. 2022ರಲ್ಲಿ ಜಗತ್ತಿನಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಲ್ಲಿ ಹೊಸದಾಗಿ ಪತ್ತೆಯಾಗಿದೆ. ಇದು ಅಂಟುವ ಕಾಯಿಲೆಯಲ್ಲ.

ಯಾವಾಗ ಡಾಕ್ಟರರ ಹತ್ತಿರ ಹೋಗಬೇಕು?

ಕಣ್ಣಿಗೆ ಕಾಣುವಂತೆ ಮೂತ್ರದಲ್ಲಿ ರಕ್ತ ಹೋದರೆ, ಒಂದೇ ಸಲವಾದರೂ, ನೋವಿಲ್ಲದಿದ್ದರೂ, ತಾನಾಗಿ ನಿಂತಿದ್ದರೂ ಹೋಗಬೇಕು. ಎಳೆಗೆಂಪು, ಚಹಾದ ಕಂದು, ರಕ್ತದ ಹೆಪ್ಪು, ಯಾವ ರೂಪದಲ್ಲಿ ಬಂದರೂ ಇದೇ ಮಾತು. ಹೀಗೆ ರಕ್ತ ಹೋದವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಕಲ್ಲು, ಸೋಂಕು, ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ ಇತ್ಯಾದಿ ಕಾರಣಗಳಿರುತ್ತವೆ. ಬೀಟ್‌ರೂಟ್ ತಿಂದರೂ, ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆಯಿಂದಲೂ ಬಣ್ಣ ಬದಲಾಗುತ್ತದೆ. ಯಾವುದು ಏನು ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ, ಪರೀಕ್ಷೆ ಮಾಡಿಸಬೇಕು.

ಎರಡು ಸಂದರ್ಭಗಳಲ್ಲಿ ವಿಶೇಷವಾಗಿ ಮೋಸ ಹೋಗುತ್ತೇವೆ. ಹೃದಯಕ್ಕೆಂದು ಎಕೋಸ್ಪ್ರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತ ಕಂಡರೆ ಮಾತ್ರೆಯ ಮೇಲೆ ದೂರು ಹಾಕಿ ಬಿಟ್ಟುಬಿಡುತ್ತಾರೆ. ಮಾತ್ರೆ ನುಂಗುವವರಿಗೂ ಅದೇ ತಪಾಸಣೆ ಆಗಬೇಕು. ಡಾಕ್ಟರರನ್ನು ಕೇಳದೆ ಆ ಮಾತ್ರೆಯನ್ನು ನಿಲ್ಲಿಸಲೂಬಾರದು. ಇನ್ನೊಂದು, ಹೆಂಗಸರ ವಿಷಯ. ಉರಿಮೂತ್ರ, ಸ್ವಲ್ಪ ರಕ್ತ ಎಂದರೆ ಸೋಂಕು ಎಂದುಕೊಂಡು ಕಲ್ಚರ್, ಅಂದರೆ ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಕೂಡ ಮಾಡದೆ ಒಂದರ ಮೇಲೊಂದು ಆಂಟಿಬಯಾಟಿಕ್ ಕೋರ್ಸ್ ನಡೆಯುತ್ತದೆ. ಮುಟ್ಟು ನಿಲ್ಲುವ ಹೊತ್ತಿನವರಾದರೆ ಗರ್ಭಕೋಶದ ರಕ್ತವಿರಬಹುದು ಎಂಬ ಗೊಂದಲ ಬೇರೆ. ಇದರಿಂದಲೇ ಹೆಂಗಸರಲ್ಲಿ ಕಾಯಿಲೆ ತಡವಾಗಿ ಗೊತ್ತಾಗುವುದು ಹೆಚ್ಚು. ಕೋರ್ಸ್ ಮುಗಿದ ಮೇಲೆ ಇನ್ನೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ, ರಕ್ತದ ಕಣಗಳು ಆಗಲೂ ಇದ್ದರೆ ಯೂರಾಲಜಿಸ್ಟರನ್ನು, ಅಂದರೆ ಮೂತ್ರಾಂಗಗಳ ತಜ್ಞರನ್ನು, ನೋಡಿ.

ಪತ್ತೆ ಮಾಡುವುದು ಹೇಗೆ?

ಮೊದಲು ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್. ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕು. ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಕ್ಯಾನ್ಸರ್ ಇಲ್ಲ ಎಂದೇ ಅರ್ಥವಲ್ಲ. ಸಣ್ಣ ಗಡ್ಡೆಗಳು, ಒಳಪದರದಲ್ಲಿ ಚಪ್ಪಟೆಯಾಗಿ ಹರಡುವ ಬಗೆಯವು ಅದರಲ್ಲಿ ಕಾಣದಿರಬಹುದು. ಮೂತ್ರದಲ್ಲಿ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಸೈಟಾಲಜಿ ಪರೀಕ್ಷೆ ಉಗ್ರ ಬಗೆಯದನ್ನು ಚೆನ್ನಾಗಿ ಹಿಡಿಯುತ್ತದೆ, ನಿಧಾನ ಬಗೆಯದನ್ನು ಹಲವು ಸಲ ಬಿಟ್ಟುಬಿಡುತ್ತದೆ.

ಖಚಿತವಾಗಿ ನೋಡಬೇಕಾದರೆ ಸಿಸ್ಟೋಸ್ಕೋಪಿ ಬೇಕು. ಮೂತ್ರದ ದಾರಿಯಲ್ಲಿ ಮರಗಟ್ಟಿಸುವ ಜೆಲ್ಲಿ ಹಾಕಿ, ತುದಿಯಲ್ಲಿ ಬೆಳಕು ಮತ್ತು ಕ್ಯಾಮೆರಾ ಇರುವ ಸಪೂರ ನಳಿಗೆಯನ್ನು ಒಳಗೆ ಬಿಟ್ಟು ಮೂತ್ರಕೋಶವನ್ನು ಸುತ್ತಲೂ ನೋಡುತ್ತಾರೆ. ಬಾಗುವ ನಳಿಗೆಯಾದರೆ ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಒಂದೆರಡು ದಿನ ಉರಿ ಇರುತ್ತದೆ. ನಾಚಿಕೆ, ಹೆದರಿಕೆಯಿಂದ ಇದನ್ನು ಮುಂದೂಡುವವರು ಬಹಳ. ಮುಂದೂಡಿದ ಪ್ರತಿ ತಿಂಗಳೂ ಗಡ್ಡೆಗೆ ಸ್ನಾಯುವಿನತ್ತ ಇಳಿಯಲು ಅವಕಾಶ ಎಂಬುದನ್ನು ಅವರಿಗೆ ಮನೆಯವರು ಹೇಳಬೇಕು. ಕಿಡ್ನಿ ಮತ್ತು ನಾಳಗಳ ಒಳಪದರವೂ ಇದೇ ಜಾತಿಯದ್ದಾದ್ದರಿಂದ ಅಲ್ಲಿಯೂ ಗಡ್ಡೆ ಇದೆಯೇ ಎಂದು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಟಿಯುಆರ್‌ಬಿಟಿ ಮತ್ತು ಬಯಾಪ್ಸಿ ವರದಿ

ಗಡ್ಡೆ ಕಂಡರೆ ಮುಂದಿನದು ಟಿಯುಆರ್‌ಬಿಟಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಹೊಟ್ಟೆ ಕುಯ್ಯದೆ, ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಗಡ್ಡೆಯನ್ನು ಚೂರುಚೂರಾಗಿ ಕೆತ್ತಿ ತೆಗೆಯುತ್ತಾರೆ. ಗಡ್ಡೆ ತೆಗೆಯುವುದೂ ಇದೇ, ಬಯಾಪ್ಸಿಗೆ ಚೂರು ಸಿಗುವುದೂ ಇದರಿಂದಲೇ. ಒಂದೆರಡು ದಿನ ಪೈಪ್ ಇರುತ್ತದೆ. ಆಪರೇಷನ್ ಆದ 24 ಗಂಟೆಯೊಳಗೆ ಮೈಟೊಮೈಸಿನ್‌ನಂಥ ಕಿಮೋ ಔಷಧವನ್ನು ಒಮ್ಮೆ ಪೈಪಿನ ಮೂಲಕ ಮೂತ್ರಕೋಶಕ್ಕೆ ಹಾಕುವುದುಂಟು. ತೇಲಾಡುತ್ತಿರುವ ಕ್ಯಾನ್ಸರ್ ಕೋಶಗಳು ಇನ್ನೊಂದು ಕಡೆ ಅಂಟಿಕೊಳ್ಳದಂತೆ ಇದು ತಡೆಯುತ್ತದೆ.

ವರದಿ ಬಂದಾಗ ಮೂರು ಸಂಗತಿ ನೋಡಿ. ಮೊದಲನೆಯದು ಗ್ರೇಡ್, ಅಂದರೆ ಕೋಶಗಳು ಎಷ್ಟು ಉಗ್ರ ಎಂಬುದು. ಲೋ ಗ್ರೇಡ್ ಆದರೆ ನಿಧಾನ, ಹೈ ಗ್ರೇಡ್ ಆದರೆ ಉಗ್ರ. ಎರಡನೆಯದು ಆಳ. ಟಿಎ ಎಂದರೆ ಒಳಪದರದಲ್ಲೇ ಇದೆ, ಟಿ1 ಎಂದರೆ ಅದರ ಹಿಂದಿನ ಮೆದು ಪದರಕ್ಕೆ ಬಂದಿದೆ, ಟಿ2 ಎಂದರೆ ಸ್ನಾಯುವಿಗೆ ಇಳಿದಿದೆ, ಟಿ3 ಮತ್ತು ಟಿ4 ಅದನ್ನೂ ದಾಟಿವೆ. ಸಿಐಎಸ್ ಎಂಬುದು ಚಪ್ಪಟೆಯಾಗಿ ಹರಡುವ ಬಗೆ. ಆಳಕ್ಕೆ ಹೋಗಿರದಿದ್ದರೂ ಅದು ಯಾವಾಗಲೂ ಹೈ ಗ್ರೇಡ್.

ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪರೀಕ್ಷೆಗೆ ಹೋದ ಚೂರಿನಲ್ಲಿ ಸ್ನಾಯು ಇತ್ತೇ? ಸ್ನಾಯುವೇ ಇಲ್ಲದ ಚೂರನ್ನು ನೋಡಿ ಸ್ನಾಯುವಿಗೆ ಇಳಿದಿಲ್ಲ ಎಂದು ಹೇಳಲು ಆಗದು. ಅಂಥ ವರದಿ ಬಂದರೆ, ಅಥವಾ ಟಿ1 ಎಂದಿದ್ದರೆ, ಎರಡರಿಂದ ಆರು ವಾರಗಳೊಳಗೆ ಮತ್ತೊಮ್ಮೆ ಟಿಯುಆರ್‌ಬಿಟಿ ಮಾಡುತ್ತಾರೆ. "ಮೊದಲ ಸಲ ಸರಿಯಾಗಿ ಮಾಡಲಿಲ್ಲವೇ, ಪುನಃ ಯಾಕೆ?" ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಆಳವನ್ನು ತಪ್ಪಾಗಿ ಅಂದಾಜು ಮಾಡಿದರೆ ಮುಂದಿನ ಚಿಕಿತ್ಸೆಯೇ ತಪ್ಪುತ್ತದೆ. ಈ ಎರಡನೆಯ ಆಪರೇಷನ್ ತಪ್ಪಿಸಿಕೊಳ್ಳಬೇಡಿ.

ಮೂತ್ರಕೋಶಕ್ಕೆ ಬಿಸಿಜಿ

ನಮ್ಮಲ್ಲಿ ಹೆಚ್ಚಿನವರ ಎಡತೋಳಿನಲ್ಲಿ ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯ ಗುರುತಿದೆ. ಕ್ಷಯ ಬಾರದಿರಲೆಂದು ಕೊಡುವ ಲಸಿಕೆ ಅದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು 13 ವರ್ಷ ದುಡಿದು ದನದ ಕ್ಷಯದ ರೋಗಾಣುವನ್ನು ದುರ್ಬಲಗೊಳಿಸಿ ತಯಾರಿಸಿದರು; 1921ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಅದೇ ದುರ್ಬಲ ರೋಗಾಣುವನ್ನು ಮೂತ್ರಕೋಶದೊಳಗೆ ಹಾಕಿದರೆ ಗಡ್ಡೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು 1976ರಲ್ಲಿ ಕೆನಡಾದ ಡಾ. ಅಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು ಒಂಬತ್ತು ರೋಗಿಗಳ ಅನುಭವದಿಂದ ತೋರಿಸಿದರು. ಹೈ ಗ್ರೇಡ್ ಟಿಎ, ಟಿ1, ಸಿಐಎಸ್ ಇರುವವರಿಗೆ ಇಂದಿಗೂ ಇದೇ ಮುಖ್ಯ ಮದ್ದು.

ಬಿಸಿಜಿ ತಾನೇ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಅದು ಒಳಪದರಕ್ಕೆ ಅಂಟಿಕೊಂಡಾಗ ದೇಹದ ರಕ್ಷಣಾ ಕೋಶಗಳು ರೋಗಾಣು ಬಂತೆಂದು ಅಲ್ಲಿಗೆ ಧಾವಿಸುತ್ತವೆ. ಹಾಗೆ ಬಂದವು ಪಕ್ಕದಲ್ಲಿರುವ ಕ್ಯಾನ್ಸರ್ ಕೋಶಗಳನ್ನೂ ಗುರುತಿಸಿ ನಾಶಮಾಡುತ್ತವೆ. ಬಿಸಿಜಿ ಎಂಬ ಹೆಸರು ಕೇಳಿ ರೋಗಿಗೆ ಟಿಬಿ ಬಂದಿದೆ ಎಂದು ಮನೆಯವರು ಹೆದರಬೇಕಿಲ್ಲ.

ಟಿಯುಆರ್‌ಬಿಟಿ ಗಾಯ ಮಾಗಲು ಎರಡು ವಾರವಾದರೂ ಬಿಟ್ಟು ಶುರುಮಾಡುತ್ತಾರೆ. ವಾರಕ್ಕೊಂದರಂತೆ ಆರು ವಾರ. ಆಮೇಲೆ 3, 6 ಮತ್ತು 12ನೆಯ ತಿಂಗಳಲ್ಲಿ ವಾರಕ್ಕೊಂದರಂತೆ ಮೂರು ಮೂರು; ಅಪಾಯ ಹೆಚ್ಚಿದ್ದವರಿಗೆ ಮೂರು ವರ್ಷದವರೆಗೂ ಮುಂದುವರಿಸುತ್ತಾರೆ. ಆ ದಿನ ನಡೆಯುವುದಿಷ್ಟು: ಸಪೂರ ಪೈಪ್ ಹಾಕಿ ಮೂತ್ರ ಖಾಲಿ ಮಾಡುತ್ತಾರೆ, ಸುಮಾರು 50 ಮಿಲಿಲೀಟರ್ ಔಷಧ ಒಳಗೆ ಬಿಡುತ್ತಾರೆ, ಪೈಪ್ ತೆಗೆಯುತ್ತಾರೆ. ಎರಡು ಗಂಟೆ ಮೂತ್ರ ಮಾಡದೆ ತಡೆದುಕೊಳ್ಳಬೇಕು. ಹಾಗಾಗಿ ಹೋಗುವ ಮೊದಲಿನ ಕೆಲವು ಗಂಟೆ ನೀರು, ಕಾಫಿ ಮಿತವಾಗಿರಲಿ. ಸುಳ್ಯ, ಕುಂದಾಪುರ, ಬೈಂದೂರಿನಂಥ ದೂರದಿಂದ ಬಂದವರು ಎರಡು ಗಂಟೆ ತುಂಬಿ ಮೂತ್ರ ಮಾಡಿದ ಮೇಲೆಯೇ ಬಸ್ ಹತ್ತುವುದು ಒಳ್ಳೆಯದು.

ಆ ದಿನ ಸುಮಾರು ಆರು ಗಂಟೆಯವರೆಗೆ ಗಂಡಸರೂ ಕೂತೇ ಮೂತ್ರ ಮಾಡಬೇಕು. ಜೀವಂತ ರೋಗಾಣು ಸಿಡಿಯಬಾರದು. ಪ್ರತಿ ಸಲವೂ ಬ್ಲೀಚಿಂಗ್ ದ್ರಾವಣ ಸುರಿದು, 15 ನಿಮಿಷ ಬಿಟ್ಟು ನೀರು ಹಾಕಬೇಕು, ಕೈ ಸೋಪಿನಲ್ಲಿ ತೊಳೆಯಬೇಕು. ಒಂದೆರಡು ದಿನ ಉರಿ, ಪದೇ ಪದೇ ಮೂತ್ರ, ಮೈಕೈ ನೋವು, ಸಣ್ಣ ಜ್ವರ ಸಾಮಾನ್ಯ. ಜ್ವರ 101 ಡಿಗ್ರಿ ದಾಟಿದರೆ, ಅಥವಾ ಎರಡು ದಿನವಾದರೂ ಬಿಡದಿದ್ದರೆ ಆಸ್ಪತ್ರೆಗೆ ಹೋಗಿ, ಬಿಸಿಜಿ ಹಾಕಿಸಿಕೊಂಡಿದ್ದೇನೆ ಎಂದು ಮೊದಲೇ ಹೇಳಿ. ಅಪರೂಪಕ್ಕೆ ರೋಗಾಣು ದೇಹಕ್ಕೆ ಹರಡಿದರೆ ಟಿಬಿ ಔಷಧ ಬೇಕಾಗುತ್ತದೆ. ಮೂತ್ರದಲ್ಲಿ ಸೋಂಕು ಅಥವಾ ಕಣ್ಣಿಗೆ ಕಾಣುವ ರಕ್ತ ಇದ್ದ ದಿನ ಬಿಸಿಜಿ ಹಾಕುವುದಿಲ್ಲ, ಮುಂದೂಡುತ್ತಾರೆ.

ಸ್ನಾಯುವಿಗೆ ಇಳಿದಿದ್ದರೆ

ಆಗ ಕೆತ್ತಿ ತೆಗೆಯುವುದು ಸಾಲದು. ಸಾಮಾನ್ಯವಾಗಿ ಮೊದಲು ಕೆಲವು ಸುತ್ತು ಕಿಮೋ ಕೊಟ್ಟು, ಆಮೇಲೆ ಇಡೀ ಮೂತ್ರಕೋಶವನ್ನು ಸುತ್ತಲಿನ ಗ್ರಂಥಿಗಳ ಸಮೇತ ತೆಗೆಯುತ್ತಾರೆ. ಕಿಮೋದಲ್ಲಿ ಮುಖ್ಯವಾದ ಸಿಸ್ಪ್ಲಾಟಿನ್ ಕೊಡಬೇಕಾದರೆ ಕಿಡ್ನಿ ಚೆನ್ನಾಗಿರಬೇಕು. ಗಂಡಸರಲ್ಲಿ ಪ್ರಾಸ್ಟೇಟ್, ಹೆಂಗಸರಲ್ಲಿ ಹಲವು ಸಲ ಗರ್ಭಕೋಶವೂ ಜೊತೆಗೆ ಹೋಗುತ್ತದೆ. ಲೈಂಗಿಕ ಬದುಕಿನ ಮೇಲೆ ಇದರ ಪರಿಣಾಮವಿದೆ, ಗಂಡ ಹೆಂಡತಿ ಇಬ್ಬರೂ ಕೂತು ಆಪರೇಷನ್‌ಗೆ ಮೊದಲೇ ಡಾಕ್ಟರರನ್ನು ಕೇಳಬೇಕು.

ಮೂತ್ರಕೋಶವೇ ಇಲ್ಲದ ಮೇಲೆ ಮೂತ್ರ ಎಲ್ಲಿ ಹೋಗುತ್ತದೆ? ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಸಣ್ಣ ಕರುಳಿನ ಸುಮಾರು 15-20 ಸೆಂಟಿಮೀಟರ್ ತುಂಡನ್ನು ಬೇರ್ಪಡಿಸಿ, ಕಿಡ್ನಿಯಿಂದ ಬರುವ ನಾಳಗಳನ್ನು ಅದಕ್ಕೆ ಜೋಡಿಸಿ, ಅದರ ತುದಿಯನ್ನು ಹೊಕ್ಕುಳಿನ ಬಲಬದಿಗೆ ಸ್ವಲ್ಪ ಕೆಳಗೆ ಚರ್ಮದ ಮೇಲೆ ತೆರೆಯುತ್ತಾರೆ. ಆ ಬಾಯಿಯನ್ನು ಸ್ಟೋಮಾ ಎನ್ನುತ್ತಾರೆ. ಅದು ಕೆಂಪಗೆ, ಒದ್ದೆಯಾಗಿ ಕಾಣುತ್ತದೆ, ಮುಟ್ಟಿದರೆ ನೋವಿಲ್ಲ. ಅದರ ಮೇಲೆ ಅಂಟಿಸುವ ಬ್ಯಾಗ್‌ನ ಕೆಳಗೆ ನಲ್ಲಿಯಂಥ ಬಿರಡೆ ಇರುತ್ತದೆ. ಮೂರನೇ ಒಂದು ಅಥವಾ ಅರ್ಧ ತುಂಬಿದಾಗ ಖಾಲಿ ಮಾಡಬೇಕು, ಕೆಲವು ದಿನಕ್ಕೊಮ್ಮೆ ಬ್ಯಾಗ್ ಬದಲಿಸಬೇಕು. ನಮ್ಮ ಸೆಕೆಯಲ್ಲಿ ಬೆವರಿಗೆ ಅಂಟು ಬೇಗ ಬಿಡುತ್ತದೆ, ಹಾಗಾಗಿ ಚರ್ಮವನ್ನು ಪೂರ್ತಿ ಒಣಗಿಸಿಯೇ ಅಂಟಿಸಬೇಕು, ಒಂದು ಬ್ಯಾಗ್ ಹೆಚ್ಚಿಗೆ ಜೊತೆಯಲ್ಲಿರಬೇಕು. ಸ್ನಾನ, ಪ್ರಯಾಣ, ಮದುವೆ ಮನೆ, ದೇವಸ್ಥಾನ, ಯಾವುದಕ್ಕೂ ಅಡ್ಡಿಯಿಲ್ಲ. ಭಾರ ಎತ್ತುವುದು ಮಾತ್ರ ಬೇಡ.

ಇನ್ನೊಂದು ವಿಧಾನದಲ್ಲಿ ಹೆಚ್ಚು ಉದ್ದದ ಕರುಳಿನಿಂದ ಹೊಸ ಮೂತ್ರಕೋಶವನ್ನೇ ಹೊಲಿದು ಹಳೆಯ ಜಾಗದಲ್ಲಿ ಕೂರಿಸುತ್ತಾರೆ. ಹೊರಗೆ ಬ್ಯಾಗ್ ಇಲ್ಲ. ಆದರೆ ತುಂಬಿತೆಂದು ಅದು ಮೊದಲಿನಂತೆ ಸೂಚನೆ ಕೊಡುವುದಿಲ್ಲ, ಗಡಿಯಾರ ನೋಡಿ ಹೋಗಬೇಕು, ರಾತ್ರಿ ಸೋರಬಹುದು, ಕೆಲವರು ತಾವೇ ಪೈಪ್ ಹಾಕಿ ಖಾಲಿ ಮಾಡುವುದನ್ನು ಕಲಿಯಬೇಕಾಗುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ.

ಮೂತ್ರಕೋಶ ಉಳಿಸಿಕೊಳ್ಳುವ ದಾರಿಯೂ ಕೆಲವರಿಗಿದೆ. ಗಡ್ಡೆಯನ್ನು ಆದಷ್ಟು ಪೂರ್ತಿ ಕೆತ್ತಿ ತೆಗೆದು, ಕಿಮೋ ಮತ್ತು ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ನಮ್ಮಲ್ಲಿ ಜನ ಕರೆಂಟ್ ಕೊಡುವುದು ಎನ್ನುವುದು ಈ ರೇಡಿಯೇಷನ್‌ಗೆ. ಗಡ್ಡೆ ಒಂದೇ ಇದ್ದು, ಕಿಡ್ನಿಯ ನಾಳ ಕಟ್ಟಿಕೊಂಡಿರದೆ, ಸಿಐಎಸ್ ವ್ಯಾಪಕವಾಗಿ ಇಲ್ಲದಿದ್ದರೆ ಫಲಿತಾಂಶ ಆಪರೇಷನ್‌ಗೆ ಹತ್ತಿರ ಬರುತ್ತದೆ. ನಿರ್ಧಾರಕ್ಕೆ ಮೊದಲು ಯೂರಾಲಜಿಸ್ಟರ ಜೊತೆಗೆ ರೇಡಿಯೇಷನ್ ತಜ್ಞರನ್ನೂ ಒಮ್ಮೆ ಕಾಣುವುದು ರೋಗಿಯ ಹಕ್ಕು.

ಬೇರೆ ಅಂಗಗಳಿಗೆ ಹರಡಿದ್ದರೆ

ಈ ಹಂತದಲ್ಲಿ ಗುರಿ ಕಾಯಿಲೆಯನ್ನು ಹತೋಟಿಯಲ್ಲಿಟ್ಟು ಆಯುಸ್ಸನ್ನೂ ನೆಮ್ಮದಿಯನ್ನೂ ಹೆಚ್ಚಿಸುವುದು. ಬಹುಕಾಲ ಕಿಮೋ ಒಂದೇ ಇತ್ತು. 2016ರಿಂದ ಇಮ್ಯುನೊಥೆರಪಿ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯ ತಡೆ ಬಿಡಿಸುವ ಔಷಧಗಳು ಬಂದಿವೆ. ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಮತ್ತು ಪೆಂಬ್ರೊಲಿಜುಮ್ಯಾಬ್ ಜೋಡಿಯನ್ನು ಪಡೆದವರ ಸರಾಸರಿ ಬದುಕು, ಕಿಮೋ ಪಡೆದವರ 16 ತಿಂಗಳಿಗೆ ಹೋಲಿಸಿದರೆ, ಸುಮಾರು 31 ತಿಂಗಳಿಗೆ ಏರಿದ್ದು ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿತು. ಬೆಲೆ ಮಾತ್ರ ಬಹಳ ದುಬಾರಿ. ನೋವು ಶಮನದ ತಜ್ಞರ ನೆರವನ್ನು ಕೊನೆಗೆಂದು ಇಡದೆ ಮೊದಲಿನಿಂದಲೇ ಕೇಳಿ ಪಡೆಯಬೇಕು.

ವಾಸಿಯಾದ ಮೇಲಿನ ತಪಾಸಣೆ

ಸ್ನಾಯುವಿಗೆ ಇಳಿಯದ ಗಡ್ಡೆ ಜೀವ ತೆಗೆಯುವುದು ಕಡಿಮೆ, ಮರಳಿ ಬರುವುದು ಬಹಳ. ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಯಾವಾಗಲಾದರೊಮ್ಮೆ ಮರುಕಳಿಸುತ್ತದೆ. ಆದ್ದರಿಂದ ಮೂರನೆಯ ತಿಂಗಳಿಗೆ ಮೊದಲ ಸಿಸ್ಟೋಸ್ಕೋಪಿ. ಹೈ ಗ್ರೇಡ್ ಆದವರಿಗೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಲೋ ಗ್ರೇಡ್‌ನವರಿಗೆ ಇಷ್ಟು ಬೇಕಿಲ್ಲ. ಏನೂ ತೊಂದರೆ ಇಲ್ಲವಲ್ಲ ಎಂದು ತಪಾಸಣೆ ಬಿಟ್ಟವರಲ್ಲಿ ಗಡ್ಡೆ ಮರಳಿ ಬಂದರೆ ಸಣ್ಣದಿರುವಾಗ ಹಿಡಿಯುವ ಅವಕಾಶ ಕೈತಪ್ಪುತ್ತದೆ. ಕಾಯಿಲೆ ಬಂದ ಮೇಲೂ ಬೀಡಿ ಸಿಗರೇಟು ಬಿಡುವುದರಿಂದ ಲಾಭವಿದೆ, ಇನ್ನೇನು ಪ್ರಯೋಜನ ಎಂದು ಸೇದುತ್ತಲೇ ಇರಬೇಡಿ.

ಖರ್ಚು ಮತ್ತು ಕಾಗದಪತ್ರ

ಮಣಿಪಾಲ, ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಯೂರಾಲಜಿ, ಕ್ಯಾನ್ಸರ್ ವಿಭಾಗಗಳಿವೆ. ಪತ್ತೆಗೂ ಹೆಚ್ಚಿನ ಚಿಕಿತ್ಸೆಗೂ ಊರು ಬಿಟ್ಟು ಹೋಗಬೇಕಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರಕಾರ ಭರಿಸುತ್ತದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಲು ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ದಾಖಲಾದ ಮೇಲೆ ಓಡಾಡುವ ಬದಲು ಮೊದಲೇ ಮಂಗಳೂರಿನ ವೆನ್ಲಾಕ್‌ಗೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಹೋಗಿ ಪತ್ರ ಪಡೆಯಿರಿ. ಅಲ್ಲಿನ ಆರೋಗ್ಯಮಿತ್ರರು ದಾರಿ ಹೇಳುತ್ತಾರೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲೋ ಎರಡನೆಯ ಅಭಿಪ್ರಾಯ ಕೇಳುವ ಮನಸ್ಸಿದ್ದರೆ ವರದಿಯ ಕಾಗದವೊಂದೇ ಸಾಲದು. ಬಯಾಪ್ಸಿ ಮಾಡಿದ ಲ್ಯಾಬ್‌ನಲ್ಲಿ ಲಿಖಿತವಾಗಿ ಕೇಳಿ ಸ್ಲೈಡುಗಳನ್ನೂ, ಚೂರನ್ನು ಮೇಣದಲ್ಲಿ ಇಟ್ಟಿರುವ ಬ್ಲಾಕ್‌ಗಳನ್ನೂ ಜೊತೆಗೆ ಒಯ್ಯಿರಿ. ಸ್ನಾಯುವಿಗೆ ಇಳಿದಿದೆಯೇ ಎಂಬುದನ್ನು ಅಲ್ಲಿನ ತಜ್ಞರು ಆ ಚೂರುಗಳಲ್ಲೇ ಮತ್ತೊಮ್ಮೆ ನೋಡುತ್ತಾರೆ.